ನಾಗರಹೊಳೆಗೆ ಹೊರಟಿದ್ದೀರಾ? ಕೋಣೆಗಿಂತ ಮೊದಲು ಗೇಟು ಗೊತ್ತುಮಾಡಿಕೊಳ್ಳಿ

ನಾಗರಹೊಳೆಗೆ ಹೋಗಬೇಕೆಂದುಕೊಂಡವರು ಸಾಮಾನ್ಯವಾಗಿ ಮೊಬೈಲಿನಲ್ಲಿ ರೆಸಾರ್ಟ್‌ಗಳನ್ನು ಹುಡುಕಿ, ಈಜುಕೊಳದ ಚಿತ್ರಗಳನ್ನು ನೋಡಿ, ದರ ಹೋಲಿಸಿ, ಮುಂಗಡ ಕಟ್ಟಿದ ಮೇಲೆ ಸಫಾರಿಯ ವಿಚಾರಕ್ಕೆ ಬರುತ್ತಾರೆ. ಆಗ ತಿಳಿಯುವುದೇನೆಂದರೆ, ಕೋಣೆ ಕಾಡಿನ ಒಂದು ಮಗ್ಗುಲಲ್ಲಿದೆ, ತಾವು ನೋಡಬೇಕೆಂದಿದ್ದ ಕಬಿನಿಯ ಹಿನ್ನೀರು ಇನ್ನೊಂದು ಮಗ್ಗುಲಲ್ಲಿದೆ, ನಡುವಿನ ರಸ್ತೆಗೆ ಸಂಜೆಯೇ ಗೇಟು ಬೀಳುತ್ತದೆ. ಮೈಸೂರು ಮತ್ತು ಕೊಡಗು ಜಿಲ್ಲೆಗಳಲ್ಲಿ ಹರಡಿರುವ, ಸುಮಾರು 643 ಚದರ ಕಿ.ಮೀ. ವಿಸ್ತಾರದ ಈ ರಾಷ್ಟ್ರೀಯ ಉದ್ಯಾನದಲ್ಲಿ ಎಲ್ಲಿ ಉಳಿದುಕೊಳ್ಳುತ್ತೀರಿ ಎಂಬುದು ಏನನ್ನು ನೋಡುತ್ತೀರಿ ಎಂಬುದನ್ನೂ ಬಹುಮಟ್ಟಿಗೆ ನಿರ್ಧರಿಸುತ್ತದೆ. ಆದುದರಿಂದ ಹಾಸಿಗೆಯ ಆಯ್ಕೆ ಕೊನೆಗೆ ಬರಬೇಕು. ಅದಕ್ಕೆ ಮೊದಲು ತೀರ್ಮಾನಿಸಬೇಕಾದ ಸಂಗತಿಗಳನ್ನು ಇಲ್ಲಿ ಅನುಕ್ರಮವಾಗಿ ಕೊಡಲಾಗಿದೆ.

ಹೆಜ್ಜೆ 1: ಸಫಾರಿ ನಡೆಯುತ್ತಿದೆಯೇ ಎಂದು ವಿಚಾರಿಸಿ

ಇದು ಔಪಚಾರಿಕತೆಗೆ ಹೇಳುವ ಮಾತಲ್ಲ. ಕಾಡಂಚಿನ ಹಳ್ಳಿಗಳಲ್ಲಿ ಹುಲಿ ದಾಳಿಗೆ ರೈತರು ಬಲಿಯಾದ ಹಿನ್ನೆಲೆಯಲ್ಲಿ 2025ರ ನವೆಂಬರ್‌ನಲ್ಲಿ ನಾಗರಹೊಳೆ ಮತ್ತು ಬಂಡೀಪುರಗಳೆರಡರಲ್ಲೂ ಸಫಾರಿ ನಿಲ್ಲಿಸುವಂತೆ ಅರಣ್ಯ ಸಚಿವರು ಆದೇಶಿಸಿದ್ದರು. ಬೇಸಿಗೆಯ ಕಾಳ್ಗಿಚ್ಚಿನ ದಿನಗಳಲ್ಲಿ, ಮಳೆಗಾಲದಲ್ಲಿ ದಾರಿ ಕೆಸರಾದಾಗಲೂ ಕೆಲವು ಮಾರ್ಗಗಳು ಮುಚ್ಚುವುದುಂಟು. ಆದುದರಿಂದ ದಿನಾಂಕ ಗೊತ್ತುಮಾಡುವ ಮುನ್ನ ಅರಣ್ಯ ಇಲಾಖೆಯ ಜಾಲತಾಣವನ್ನು ನೋಡಿ, ಹುಣಸೂರಿನಲ್ಲಿರುವ ಹುಲಿ ಯೋಜನೆಯ ಕಚೇರಿಗೂ ಒಮ್ಮೆ ದೂರವಾಣಿ ಮಾಡುವುದು ಒಳಿತು. ರೆಸಾರ್ಟ್‌ನ ಬುಕಿಂಗ್ ವಿಭಾಗದವರ ಮಾತೊಂದನ್ನೇ ನಂಬಿಕೊಳ್ಳಬಾರದು. ಕೋಣೆ ತುಂಬಿಸುವುದು ಅವರ ಉದ್ಯೋಗ.

ಹೆಜ್ಜೆ 2: ಮೂರು ಬಾಗಿಲುಗಳಲ್ಲಿ ಒಂದನ್ನು ಆರಿಸಿ

ನಾಗರಹೊಳೆಯ ಸಫಾರಿಗೆ ಮುಖ್ಯವಾಗಿ ಮೂರು ಕಡೆಯಿಂದ ಪ್ರವೇಶವಿದೆ. ಹುಣಸೂರು ಕಡೆಯ ವೀರನಹೊಸಹಳ್ಳಿ, ಕೊಡಗಿನ ಕುಟ್ಟದ ಬಳಿಯ ನಾಣಚ್ಚಿ, ಎಚ್.ಡಿ.ಕೋಟೆ ತಾಲ್ಲೂಕಿನ ಕಾಕನಕೋಟೆ ಭಾಗದ ದಮ್ಮನಕಟ್ಟೆ. ನಕಾಶೆಯಲ್ಲಿ ಮೂರೂ ಒಂದೇ ಹಸಿರು ತುಂಡಿನ ಅಂಚಿನಲ್ಲಿ ಕಾಣುತ್ತವೆಯಾದರೂ ಒಂದರಿಂದ ಇನ್ನೊಂದಕ್ಕೆ ಬೆಳಗಿನ ಸಫಾರಿಯ ಹೊತ್ತಿಗೆ ತಲುಪುವುದು ಸುಲಭವಲ್ಲ.

ಹೆಸರಾಂತ ‘ಕಬಿನಿ’ ಎಂದರೆ ದಮ್ಮನಕಟ್ಟೆಯ ಭಾಗ. 1974ರಲ್ಲಿ ಕಬಿನಿ ಅಣೆಕಟ್ಟು ಕಟ್ಟಿದ ಮೇಲೆ ನಿಂತ ನೀರು ನಾಗರಹೊಳೆ ಮತ್ತು ಬಂಡೀಪುರ ಕಾಡುಗಳ ನಡುವೆ ಹರಡಿಕೊಂಡಿದೆ. ಬೇಸಿಗೆ ಏರಿದಂತೆ ನೀರು ಹಿಂದೆ ಸರಿದು, ಬಯಲಾದ ಜಾಗದಲ್ಲಿ ಹಸಿರು ಹುಲ್ಲು ಚಿಗುರುತ್ತದೆ. ಒಳಗಾಡಿನ ಕೆರೆಗಳು ಬತ್ತಿರುವ ಅದೇ ಹೊತ್ತಿನಲ್ಲಿ ಇಲ್ಲಿ ನೀರೂ ಮೇವೂ ಒಟ್ಟಿಗೆ ಸಿಗುವುದರಿಂದ ಮಾರ್ಚ್‌ನಿಂದ ಮೇ ತಿಂಗಳವರೆಗೆ ಆನೆಗಳು ಹಿಂಡುಹಿಂಡಾಗಿ ಹಿನ್ನೀರಿನ ಅಂಚಿಗೆ ಇಳಿಯುತ್ತವೆ. ಏಷ್ಯಾದ ಆನೆಗಳು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಒಂದೆಡೆ ಸೇರುವ ತಾಣಗಳು ಬೇರೆಲ್ಲೂ ಹೆಚ್ಚಿಲ್ಲ. ಮೈಸೂರು ಅರಸರ ಕಾಲದ ಖೆಡ್ಡಾಗಳು, ಅಂದರೆ ಕಾಡಾನೆಗಳನ್ನು ಸುತ್ತುವರಿದು ಹಿಡಿಯುವ ಕಾರ್ಯಾಚರಣೆಗಳು, ಕಾಕನಕೋಟೆಯಲ್ಲೇ ನಡೆಯುತ್ತಿದ್ದುದಕ್ಕೆ ಕಾರಣ ಈ ಭಾಗದ ಆನೆಗಳ ಸಮೃದ್ಧಿಯೇ. ಕೊನೆಯ ಖೆಡ್ಡಾ 1971ರಲ್ಲಿ ನಡೆಯಿತು. ಅದು ನಡೆದ ಕಾಡಿನ ಒಂದಿಷ್ಟು ಭಾಗ ಈಗ ನೀರಿನ ಕೆಳಗಿದೆ. ಆನೆಯೇ ನಿಮ್ಮ ಆಸೆಯಾಗಿದ್ದು, ಬೇಸಿಗೆ ರಜೆಯಲ್ಲಿ ಹೋಗುವುದಾದರೆ, ಬೇರೆ ಯೋಚನೆ ಮಾಡದೆ ಹಿನ್ನೀರಿನ ದಡದ ಕಾರಾಪುರದ ಸುತ್ತಮುತ್ತ ವಸತಿ ನೋಡಿ. ಜೀಪು ಸಫಾರಿಯ ಜೊತೆಗೆ ದೋಣಿ ಸಫಾರಿ ಇರುವುದೂ ಈ ಕಡೆಯಲ್ಲಿಯೇ. ಕುಲುಕಾಟ ತಡೆಯಲಾರದ ಹಿರಿಯರಿಗೆ ದೋಣಿಯೇ ಲೇಸು.

ಆದರೆ ಈ ಭಾಗ ದುಬಾರಿ. ವಾರಾಂತ್ಯದಲ್ಲಂತೂ ತಿಂಗಳುಗಳ ಮೊದಲೇ ಕೋಣೆಗಳು ತುಂಬಿಹೋಗುತ್ತವೆ. ಕೈಗೆಟಕುವ ಖರ್ಚಿನಲ್ಲಿ ಕಾಡು ನೋಡಬೇಕೆನ್ನುವವರಿಗೆ ವೀರನಹೊಸಹಳ್ಳಿಯ ಕಡೆ ಸೂಕ್ತ. ಮೈಸೂರಿನಿಂದ ಹುಣಸೂರು ಸುಮಾರು 45 ಕಿ.ಮೀ. ದೂರದಲ್ಲಿದ್ದು, ಸಾರಿಗೆ ಸಂಸ್ಥೆಯ ಬಸ್ಸುಗಳು ಧಾರಾಳವಾಗಿವೆ. ಪಟ್ಟಣದಲ್ಲಿ ಸಾಮಾನ್ಯ ಲಾಡ್ಜ್‌ಗಳಿವೆ, ಗೇಟಿನ ಹಾದಿಯಲ್ಲಿ ಸಣ್ಣ ರೆಸಾರ್ಟ್‌ಗಳೂ ಇವೆ. ಇಲ್ಲಿನದು ಅರಣ್ಯ ಇಲಾಖೆಯ ಬಸ್ ಸಫಾರಿ. ಬಸ್ಸಿನ ಸದ್ದಿಗೆ ಪ್ರಾಣಿಗಳು ಓಡಿಹೋಗುತ್ತವೆ ಎಂದು ಮೂಗು ಮುರಿಯುವವರಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಎತ್ತರದ ಆಸನದಿಂದ ಲಂಟಾನದ ಪೊದೆಗಳ ಮೇಲಿನಿಂದ ನೋಡಲು ಸಾಧ್ಯವಾಗುವುದು ಬಸ್ಸಿನ ಅನುಕೂಲವೇ. ಅದು ಒಪ್ಪಿಗೆಯಾಗದಿರುವುದು ದೊಡ್ಡ ಲೆನ್ಸ್ ಹಿಡಿದ ಛಾಯಾಗ್ರಾಹಕರಿಗೆ ಮಾತ್ರ.

ಕುಟ್ಟದ ಕಡೆಯ ಸ್ವಭಾವ ಬೇರೆ. ಅಲ್ಲಿ ವಸತಿ ಎಂದರೆ ಬಹುತೇಕ ಕಾಫಿ ತೋಟದೊಳಗಿನ ಹೋಂಸ್ಟೇ, ಮನೆಯವರೇ ಮಾಡಿ ಬಡಿಸುವ ಊಟ. ನಾಣಚ್ಚಿಯ ಸಫಾರಿ, ಇರ್ಪು ಜಲಪಾತ, ಗಡಿಯಾಚೆ ಕೇರಳದ ತೋಲ್ಪೆಟ್ಟಿ ಅಭಯಾರಣ್ಯ ಎಲ್ಲವೂ ಹತ್ತಿರದಲ್ಲೇ ಇವೆ. ಮಕ್ಕಳು, ಮುದುಕರು ಸೇರಿ ನಾಲ್ಕು ದಿನ ಆರಾಮವಾಗಿ ಕಳೆಯಬೇಕು, ಸಫಾರಿ ಒಂದು ಸಲ ಆದರೆ ಸಾಕು ಎನ್ನುವ ಕುಟುಂಬಕ್ಕೆ ಇದಕ್ಕಿಂತ ಒಳ್ಳೆಯ ಕಡೆಯಿಲ್ಲ. ಮಳೆಗಾಲದಲ್ಲಿ ಹೋಗುವವರು ಜಿಗಣೆಗಳಿಗೆ ಸಿದ್ಧರಾಗಿರಬೇಕು.

ಹೆಜ್ಜೆ 3: ರಸ್ತೆ ಮುಚ್ಚುವ ವೇಳೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ

ಹುಣಸೂರಿನಿಂದ ಕಾಡಿನ ನಡುವೆ ಹಾದು ಕುಟ್ಟಕ್ಕೆ ಹೋಗುವ ರಸ್ತೆಯಲ್ಲಿ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ವಾಹನಗಳನ್ನು ಬಿಡುವುದಿಲ್ಲ. ಬೆಂಗಳೂರಿನಿಂದ ಮಧ್ಯಾಹ್ನ ಹೊರಟು, ಮೈಸೂರಿನಲ್ಲಿ ಕಾಫಿ ಕುಡಿದು ಬರುವವರು ಗೇಟು ತಲುಪುವ ಹೊತ್ತಿಗೆ ಅದು ಮುಚ್ಚಿರುತ್ತದೆ. ಕುಟ್ಟದಲ್ಲಿ ಕೋಣೆ ಕಾದಿರಿಸಿದವರಿಗೆ ಆಗ ಉಳಿಯುವ ದಾರಿ ಗೋಣಿಕೊಪ್ಪ, ಪೊನ್ನಂಪೇಟೆ, ಶ್ರೀಮಂಗಲಗಳ ಮೂಲಕ ಸುತ್ತಿ ಬರುವುದು. ಮೈಸೂರು–ಮಾನಂದವಾಡಿ ರಸ್ತೆಯ ಕಾಡಿನ ಭಾಗಕ್ಕೂ ಇದೇ ರಾತ್ರಿ ನಿರ್ಬಂಧವಿದೆ. ಮೈಸೂರಿನಿಂದ ಬಂದು ಕಾರಾಪುರದಲ್ಲಿ ಉಳಿಯುವವರಿಗೆ ಇದರಿಂದ ತೊಡಕಿಲ್ಲ, ಏಕೆಂದರೆ ಕಾಡಿನ ಗೇಟಿಗೆ ಮೊದಲೇ ಅವರ ತಿರುವು ಸಿಗುತ್ತದೆ. ವಯನಾಡು ನೋಡಿಕೊಂಡು ಬಾವಲಿಯ ಕಡೆಯಿಂದ ಬರುವವರು ಮಾತ್ರ ಹೊತ್ತು ನೋಡಿಕೊಂಡು ಹೊರಡಬೇಕು.

ಬೆಳಗಿನ ಲೆಕ್ಕ ಇನ್ನೂ ಮುಖ್ಯ. ಮೊದಲ ಸಫಾರಿ ಹೊರಡುವುದು ಬೆಳಕು ಹರಿಯುವ ಹೊತ್ತಿಗೆ. ಅದಕ್ಕೆ ಅರ್ಧ ಗಂಟೆ ಮುಂಚೆ ಗುರುತಿನ ಚೀಟಿ ತೋರಿಸಿ ಆಸನ ಪಡೆಯಬೇಕು. ಮೈಸೂರಿನಲ್ಲಿ ಉಳಿದು ನಸುಕಿನಲ್ಲಿ ಹೊರಟು ಬರುತ್ತೇವೆ ಎಂಬ ಯೋಜನೆ ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ. ಮಕ್ಕಳನ್ನು ಮೂರೂವರೆಗೆ ಎಬ್ಬಿಸಿ ಹೊರಡಿಸಿದವರಿಗೆ ಅದರ ಕಷ್ಟ ಗೊತ್ತು. ವಸತಿಯಿಂದ ಸಫಾರಿ ಹೊರಡುವ ಜಾಗಕ್ಕೆ ವಾಹನದಲ್ಲಿ ಅರ್ಧ ಗಂಟೆಗಿಂತ ಹೆಚ್ಚು ಹಿಡಿಯಬಾರದು ಎಂಬುದನ್ನು ನಿಯಮವಾಗಿ ಇಟ್ಟುಕೊಳ್ಳಿ. ಜಾಹೀರಾತುಗಳಲ್ಲಿ ಬರೆದಿರುವ ಕಿಲೋಮೀಟರುಗಳನ್ನು ನೆಚ್ಚಬೇಡಿ. ಹಿನ್ನೀರಿನ ಆಚೆ ದಡದ ಕೆಲವು ರೆಸಾರ್ಟ್‌ಗಳಿಂದ ನೇರ ದೂರ ಬಹಳ ಕಡಿಮೆ. ಆದರೆ ನಡುವೆ ನೀರಿರುವುದರಿಂದ ದೋಣಿಯಲ್ಲಿ ದಾಟಿ ಬರಬೇಕಾಗುತ್ತದೆ, ಇಲ್ಲವೆ ರಸ್ತೆಯಲ್ಲಿ ದೊಡ್ಡ ಸುತ್ತು ಹಾಕಬೇಕಾಗುತ್ತದೆ.

ಹೆಜ್ಜೆ 4: ಯಾರ ವಸತಿ ಎಂಬುದನ್ನು ತೀರ್ಮಾನಿಸಿ

ಅರಣ್ಯ ಇಲಾಖೆ, ಸರ್ಕಾರಿ ಸ್ವಾಮ್ಯದ ಜಂಗಲ್ ಲಾಡ್ಜಸ್, ಖಾಸಗಿ ರೆಸಾರ್ಟ್, ಹೋಂಸ್ಟೇ ಎಂಬ ನಾಲ್ಕು ಬಗೆಯ ವಸತಿಗಳು ಇಲ್ಲಿವೆ.

ಕಾಡಿನೊಳಗೆ ಉಳಿಯುವ ಆಸೆಯಿದ್ದವರಿಗೆ ಇರುವುದು ಅರಣ್ಯ ಇಲಾಖೆಯ ವಸತಿಗೃಹಗಳು ಮಾತ್ರ. ಕೋಣೆಗಳು ಕಡಿಮೆ, ಸೌಕರ್ಯ ಸರಳ, ಕೊನೆ ಗಳಿಗೆಯಲ್ಲಿ ಇಲಾಖೆಯ ಕೆಲಸಕ್ಕೆಂದು ಅವು ಬೇರೆಯವರ ಪಾಲಾಗುವ ಸಾಧ್ಯತೆಯೂ ಇರುತ್ತದೆ. ಒಳಗೆ ಖಾಸಗಿ ಹೋಟೆಲ್ ಏಕಿಲ್ಲ ಎಂದು ಕೇಳುವವರಿಗೆ ಒಂದು ಹಳೆಯ ಸಂಗತಿಯನ್ನು ನೆನಪಿಸಬೇಕು. ತೊಂಬತ್ತರ ದಶಕದಲ್ಲಿ ಉದ್ಯಾನದೊಳಗಿನ ಕಟ್ಟಡಗಳನ್ನು ಹೋಟೆಲ್ ಸಂಸ್ಥೆಯೊಂದಕ್ಕೆ ಗುತ್ತಿಗೆಗೆ ಕೊಟ್ಟಾಗ ಇಲ್ಲಿನ ಆದಿವಾಸಿಗಳು ಹೋರಾಟಕ್ಕಿಳಿದರು. ನಾಗರಹೊಳೆ ಬುಡಕಟ್ಟು ಜನರ ಹಕ್ಕು ಸ್ಥಾಪನಾ ಸಮಿತಿ ಹೈಕೋರ್ಟ್ ಮೆಟ್ಟಿಲೇರಿತು. 1997ರಲ್ಲಿ ಆ ಗುತ್ತಿಗೆ ಕಾನೂನುಬಾಹಿರವೆಂದು ತೀರ್ಪು ಬಂತು.

1980ರಲ್ಲಿ ಸ್ಥಾಪನೆಯಾದ ಜಂಗಲ್ ಲಾಡ್ಜಸ್‌ನ ಕಬಿನಿ ವಸತಿ ಇರುವುದು ಕಾರಾಪುರದಲ್ಲಿ, ಮೈಸೂರು ಅರಸರ ಬೇಟೆ ಬಂಗಲೆಯಿದ್ದ ಆವರಣದಲ್ಲಿ. ದರ ಕೇಳಿದೊಡನೆ ಹೌಹಾರುವವರೇ ಹೆಚ್ಚು. ಆದರೆ ಆ ದರದಲ್ಲಿ ಕೋಣೆ, ಊಟ, ಸಫಾರಿ, ಪ್ರವೇಶ ಶುಲ್ಕಗಳು ಸೇರಿರುತ್ತವೆ ಎಂಬುದನ್ನು ಗಮನಿಸಬೇಕು. ಅದು ಕೋಣೆಗೆ ಹೇಳಿದ ದರವಲ್ಲ, ಇಬ್ಬರು ಒಂದು ಕೋಣೆ ಹಂಚಿಕೊಂಡಾಗ ತಲಾ ಒಬ್ಬರಿಗೆ ತಗಲುವ ದರ. ಒಬ್ಬರೇ ಹೋಗುವವರಿಗೆ ಹೆಚ್ಚು ಬೀಳುತ್ತದೆ. ಈ ಭಾಗದ ಜೀಪು ಸಫಾರಿಗಳನ್ನು ನಡೆಸುವುದೂ ಇದೇ ಸಂಸ್ಥೆಯಾದ್ದರಿಂದ, ಇಲ್ಲಿ ಉಳಿದವರಿಗೆ ಸಫಾರಿಯ ಆಸನದ ಚಿಂತೆ ಇರುವುದಿಲ್ಲ.

ಖಾಸಗಿ ರೆಸಾರ್ಟ್‌ಗಳು ತಮ್ಮ ಸ್ವಂತ ಜೀಪಿನಲ್ಲಿ ಯಾರನ್ನೂ ಉದ್ಯಾನದೊಳಗೆ ಕರೆದೊಯ್ಯುವಂತಿಲ್ಲ. ಅವರ ಅತಿಥಿಗಳಿಗೂ ಜಂಗಲ್ ಲಾಡ್ಜಸ್‌ನ ಅಥವಾ ಅರಣ್ಯ ಇಲಾಖೆಯ ವಾಹನವೇ ಗತಿ. ಒಳಗೆ ಬಿಡುವ ವಾಹನಗಳ ಸಂಖ್ಯೆಗೆ ಮಿತಿಯಿರುವುದರಿಂದ ಆಸನಗಳು ಹಂಚಿಕೆಯಾಗುತ್ತವೆ. ಆದುದರಿಂದ ಖಾಸಗಿ ವಸತಿಯಲ್ಲಿ ಮುಂಗಡ ಕಟ್ಟುವ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ‘ನಮ್ಮ ಹೆಸರಿಗೆ ಸಫಾರಿ ಆಸನ ಖಚಿತವಾಗಿದೆಯೇ, ಅದು ಜೀಪಿನದೋ ಬಸ್ಸಿನದೋ, ಯಾವ ಗೇಟಿನಿಂದ?’ ‘ಬಂದ ಮೇಲೆ ವ್ಯವಸ್ಥೆ ಮಾಡೋಣ ಸರ್’ ಎಂಬ ಉತ್ತರ ಬಂದರೆ ಆಸನ ಇಲ್ಲವೆಂದೇ ತಿಳಿದು ಮುಂದಿನ ಸಂಖ್ಯೆಗೆ ಕರೆ ಮಾಡಿ.

ಹೋಂಸ್ಟೇಗಳ ವಿಷಯದಲ್ಲಿ ಪ್ರವಾಸೋದ್ಯಮ ಇಲಾಖೆಯ ನೋಂದಣಿ ಇದೆಯೇ ಎಂದು ಕೇಳುವುದಕ್ಕೆ ಸಂಕೋಚ ಬೇಡ. ನೋಂದಣಿ ಇಲ್ಲದವು ದಿಢೀರನೆ ಮುಚ್ಚಿದರೆ ಕಟ್ಟಿದ ಹಣ ವಾಪಸಾಗುವುದು ಕಷ್ಟ.

ಹೆಜ್ಜೆ 5: ಜಾಹೀರಾತನ್ನು ಅನುಮಾನದಿಂದ ಓದಿ

ನಾಗರಹೊಳೆಯಲ್ಲಿ ರಾತ್ರಿ ಸಫಾರಿಗೆ ಅವಕಾಶವೇ ಇಲ್ಲ. ಹಾಗಿದ್ದೂ ‘ನೈಟ್ ಸಫಾರಿ’ ಎಂದು ಬರೆದುಕೊಳ್ಳುವವರು ಇದ್ದಾರೆ. ಅವರು ಮಾಡಿಸುವುದು ಕಾಡಂಚಿನ ಊರ ರಸ್ತೆಯಲ್ಲಿ ಟಾರ್ಚು ಬೀಸಿಕೊಂಡು ಹೋಗಿಬರುವ ಒಂದು ಸುತ್ತು. ಅದರಿಂದ ಪ್ರಾಣಿಗಳಿಗೆ ಕಿರುಕುಳ, ಅತಿಥಿಗಳಿಗೆ ಅಪಾಯ. ಕ್ಯಾಂಪ್‌ಫೈರ್, ಡಿಜೆ, ಪಟಾಕಿಗಳ ಚಿತ್ರ ಹಾಕಿಕೊಂಡಿರುವ ವಸತಿಯನ್ನು ಪಟ್ಟಿಯಿಂದ ತೆಗೆದುಹಾಕಿ. ಹಾಗೆಯೇ ‘ಕೋಣೆಯ ಮುಂದೆಯೇ ಆನೆ’ ಎಂಬ ಮಾತು ನಿಜವಾಗಿದ್ದರೆ, ಆ ಕಟ್ಟಡ ಆನೆಗಳು ನಡೆದಾಡುವ ದಾರಿಯಲ್ಲೇ ಎದ್ದಿರಬಹುದು. ಪಕ್ಕದ ತಮಿಳುನಾಡಿನ ಮಸಿನಗುಡಿ ಸುತ್ತಲಿನ ರೆಸಾರ್ಟ್‌ಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ಆನೆ ಕಾರಿಡಾರ್‌ನ ಪರವಾಗಿಯೇ ತೀರ್ಪು ನೀಡಿತು.

ಹೆಜ್ಜೆ 6: ಒಟ್ಟು ಖರ್ಚನ್ನು ಕೂಡಿಸಿ ಹೋಲಿಸಿ

ಕೋಣೆಯ ಬಾಡಿಗೆ, ಮೂರು ಹೊತ್ತಿನ ಊಟ, ಎರಡು ಸಫಾರಿ, ಪ್ರವೇಶ ಶುಲ್ಕ, ಸಫಾರಿ ಕೇಂದ್ರಕ್ಕೆ ಹೋಗಿಬರುವ ವಾಹನ ಇವೆಲ್ಲವನ್ನೂ ಒಂದು ಚೀಟಿಯಲ್ಲಿ ಬರೆದು ತಲಾವಾರು ಭಾಗಿಸಿದರೆ, ಅಗ್ಗವೆಂದು ಕಂಡದ್ದು ಅಗ್ಗವಾಗಿ ಉಳಿಯದಿರಬಹುದು. ಕ್ಯಾಮೆರಾಕ್ಕೆ ಲೆನ್ಸ್‌ನ ಗಾತ್ರ ನೋಡಿ ಪ್ರತ್ಯೇಕ ಶುಲ್ಕ ವಿಧಿಸುವುದುಂಟು. 2025ರ ಸೆಪ್ಟೆಂಬರ್‌ನ ಪರಿಷ್ಕರಣೆಯ ಬಳಿಕ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ ಶೇ 5ರಷ್ಟು, ಅದಕ್ಕಿಂತ ಮೇಲಿನದಕ್ಕೆ ಶೇ 18ರಷ್ಟು ಜಿಎಸ್‌ಟಿ ಇದೆ. 7,500ರ ಗೆರೆಯನ್ನು ಸ್ವಲ್ಪವೇ ದಾಟುವ ಕೋಣೆಗಳು ಈ ಕಾರಣದಿಂದ ಅನಿರೀಕ್ಷಿತವಾಗಿ ದುಬಾರಿಯಾಗುತ್ತವೆ. ಸಾಧ್ಯವಿದ್ದವರು ವಾರದ ನಡುವೆ ಹೋಗಲಿ. ಕೋಣೆಯೂ ಸಿಗುತ್ತದೆ, ಸಫಾರಿಯ ಆಸನವೂ ಸಿಗುತ್ತದೆ.

ಒಂದೇ ರಾತ್ರಿ ಉಳಿಯುವುದಾದರೆ ಬಂದ ದಿನ ಸಂಜೆ ಒಂದು, ಮರುದಿನ ಬೆಳಿಗ್ಗೆ ಒಂದು, ಹೀಗೆ ಎರಡು ಸಫಾರಿಗಳಷ್ಟೇ ಆಗುತ್ತವೆ. ಸಂಜೆಯ ಸಫಾರಿ ಮೂರು ಗಂಟೆಯ ಸುಮಾರಿಗೆ ಹೊರಡುವುದರಿಂದ ಮಧ್ಯಾಹ್ನ ಒಂದರೊಳಗೆ ತಲುಪದಿದ್ದರೆ ಅರ್ಧ ಹಣ ನೀರಿಗೆ ಹೋದಂತೆ.

ಕಬಿನಿಯಲ್ಲಿ ಕೋಣೆ ಸಿಗದಿದ್ದರೆ?

ಆಗ ಬಂಡೀಪುರವನ್ನು ನೋಡಬಹುದು. 1973ರಲ್ಲಿ ಹುಲಿ ಯೋಜನೆ ಆರಂಭವಾದಾಗಲೇ ಅದಕ್ಕೆ ಸೇರಿದ ಕಾಡು ಅದು. ಅಲ್ಲಿನ ಸಫಾರಿ ಹೊರಡುವುದು ಈಗ ಗುಂಡ್ಲುಪೇಟೆ–ಊಟಿ ರಸ್ತೆಯ ಮೇಲುಕಾಮನಹಳ್ಳಿಯಿಂದ. ಆದುದರಿಂದ ಹಂಗಳ, ಮೇಲುಕಾಮನಹಳ್ಳಿಯ ಆಸುಪಾಸಿನ ವಸತಿ ಅನುಕೂಲ, ಗುಂಡ್ಲುಪೇಟೆಯ ಲಾಡ್ಜ್‌ಗಳೂ ಆದೀತು. ಮಸಿನಗುಡಿಯಲ್ಲಿ ಉಳಿದು ಬಂಡೀಪುರದ ಬೆಳಗಿನ ಸಫಾರಿಗೆ ಬರುತ್ತೇವೆ ಎನ್ನುವವರು 2009ರಿಂದ ಜಾರಿಯಲ್ಲಿರುವ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗಿನ ಸಂಚಾರ ನಿಷೇಧವನ್ನು ಮರೆತಿರುತ್ತಾರೆ. ಅವರ ವಾಹನ ಗೇಟಿನಲ್ಲಿ ಕಾಯುತ್ತಿರುವಾಗಲೇ ಸಫಾರಿ ಹೊರಟಿರುತ್ತದೆ.

ಕೊನೆಯ ಹೆಜ್ಜೆ: ಹಣ ಕಟ್ಟುವ ಮುನ್ನ

ಸಫಾರಿ ರದ್ದಾದರೆ ಎಷ್ಟು ಹಣ ಮರಳುತ್ತದೆ, ದಿನಾಂಕ ಬದಲಿಸಬಹುದೇ ಎಂಬುದನ್ನು ಬರಹದಲ್ಲಿ ಪಡೆಯಿರಿ. ವಾಟ್ಸ್‌ಆ್ಯಪ್ ಸಂದೇಶವಾದರೂ ಸರಿ. ಸಫಾರಿಗೆ ಚಿಕ್ಕ ಮಕ್ಕಳನ್ನು ಬಿಡುತ್ತಾರೆಯೇ ಎಂದು ವಯಸ್ಸು ಹೇಳಿಯೇ ವಿಚಾರಿಸಿ. ಔಷಧಿ ಅವಲಂಬಿತ ಹಿರಿಯರಿದ್ದರೆ ಹತ್ತಿರದ ಆಸ್ಪತ್ರೆ ಎಚ್.ಡಿ.ಕೋಟೆಯದೋ, ಸರಗೂರಿನದೋ, ಹುಣಸೂರಿನದೋ ಎಂದು ಮೊದಲೇ ತಿಳಿದುಕೊಂಡಿರಿ. ಕಾಡಂಚಿನಲ್ಲಿ ಮೊಬೈಲ್ ಸಿಗ್ನಲ್ ಹಲವೆಡೆ ಸಿಗುವುದಿಲ್ಲ. ಬುಕಿಂಗ್ ರಸೀದಿ, ವಸತಿಗೆ ಹೋಗುವ ದಾರಿ ಎರಡನ್ನೂ ಹುಣಸೂರು ಅಥವಾ ಎಚ್.ಡಿ.ಕೋಟೆ ದಾಟುವ ಮೊದಲೇ ಫೋನಿನಲ್ಲಿ ಇಳಿಸಿಕೊಳ್ಳಿ. ಬುಕಿಂಗ್‌ನಲ್ಲಿ ಯಾರ ಹೆಸರಿದೆಯೋ ಅವರ ಮೂಲ ಗುರುತಿನ ಚೀಟಿಯೂ ಕೈಯಲ್ಲಿರಲಿ.