ಸಂಧಿವಾತದ ಗುಳಿಗೆ: ವಾರಕ್ಕೆ ಒಂದೇ ದಿನ

ಬೆಳಿಗ್ಗೆ ಎದ್ದಾಗ ಬೆರಳು ಮಡಚಲು ಬಾರದು, ನಲ್ಲಿ ತಿರುಗಿಸಲಾಗದು, ಬಿಗಿತ ಸಡಿಲವಾಗಲು ಗಂಟೆಯೇ ಬೇಕು. ಎರಡೂ ಕೈಗಳ ಗೆಣ್ಣು, ಮಣಿಕಟ್ಟು ಊದಿ 6 ವಾರ ಕಳೆದಿದ್ದರೆ ವಯಸ್ಸಿನ ಮೇಲೆ ಹಾಕಿ ಸುಮ್ಮನಿರಬೇಡಿ. ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಕೀಲುಗಳ ಒಳಪೊರೆಯ ಮೇಲೆ ತಿರುಗಿಬೀಳುವ ರುಮಟಾಯ್ಡ್ ಸಂಧಿವಾತ ಇದಾಗಿರಬಹುದು.

ಮೊದಲ ಹೆಜ್ಜೆ, ರುಮಟಾಲಜಿಸ್ಟ್ ಅಂದರೆ ಕೀಲುವಾತದ ತಜ್ಞರ ಭೇಟಿ. ರಕ್ತದಲ್ಲಿ ಈ ರೋಗದ ಸುಳಿವು ಕೊಡುವ ಆರ್‌ಎ ಫ್ಯಾಕ್ಟರ್, ಆಂಟಿ ಸಿಸಿಪಿ, ಉರಿಯೂತ ಎಷ್ಟಿದೆಯೆಂದು ಹೇಳುವ ಇಎಸ್‌ಆರ್, ಸಿಆರ್‌ಪಿ ನೋಡುತ್ತಾರೆ. ಆರ್‌ಎ ಫ್ಯಾಕ್ಟರ್ ನೆಗೆಟಿವ್ ಬಂದರೂ ರೋಗ ಇರಬಹುದು. ಪಾಸಿಟಿವ್ ಬಂದ ಮಾತ್ರಕ್ಕೆ ರೋಗವೆಂದೂ ಅಲ್ಲ. ಗೆಣ್ಣುಗಳನ್ನು ಒಂದೊಂದಾಗಿ ಒತ್ತಿ ನೋಡುವ ವೈದ್ಯರನ್ನೇ ನಂಬಿ.

ಎಡವುವುದು ಮುಂದಿನ ಹೆಜ್ಜೆಯಲ್ಲಿ. ಸಾಮಾನ್ಯವಾಗಿ ಮೊದಲು ಬರೆಯುವ ಔಷಧ ಮೆಥೋಟ್ರೆಕ್ಸೇಟ್. ಅದನ್ನು ನುಂಗಬೇಕಾದದ್ದು ವಾರಕ್ಕೆ ಒಂದೇ ದಿನ. ನಮ್ಮ ದೊಡ್ಡಮ್ಮ ಬಿಪಿ ಗುಳಿಗೆಯ ಜೊತೆಗೆ ಅದನ್ನೂ ದಿನವೂ ನುಂಗಿದರು. ವಾರ ಕಳೆಯುವುದರೊಳಗೆ ಬಾಯಿತುಂಬ ಹುಣ್ಣು, ಗಂಜಿಯೂ ಇಳಿಯದು, ಜ್ವರ. ರಕ್ತಕಣಗಳು ಕುಸಿದು ಆಸ್ಪತ್ರೆ ಸೇರಿದರು. ಹೀಗೆ ದಿನವೂ ನುಂಗಿ ಪ್ರಾಣ ಕಳೆದುಕೊಂಡವರೂ ಇದ್ದಾರೆ.

ಆದ್ದರಿಂದ ವಾರದಲ್ಲಿ ಒಂದು ದಿನ ಗೊತ್ತು ಮಾಡಿ. ಮನೆಯಲ್ಲಿ ಎಲ್ಲರೂ ಇರುವ ಭಾನುವಾರವೇ ಒಳ್ಳೆಯದು. ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಗಳಿಗೆಲ್ಲ ಕೆಂಪು ಸುತ್ತು ಹಾಕಿ, ನುಂಗಿದ ಕೂಡಲೇ ಗೀಟು ಎಳೆಯಿರಿ. ಈ ಗುಳಿಗೆಯ ಪಟ್ಟಿಯನ್ನು (ಸ್ಟ್ರಿಪ್) ದಿನದ ಔಷಧಗಳ ಡಬ್ಬಿಯಲ್ಲಿ ಇಡಲೇಬೇಡಿ. ಅಡ್ಡಪರಿಣಾಮ ತಗ್ಗಿಸಲು ಜೊತೆಗೆ ಕೊಡುವ ಫೋಲಿಕ್ ಆಸಿಡ್ ಎಂಬ ವಿಟಮಿನ್ ಬೇರೆ ದಿನಕ್ಕೆ. ಕೆಲವೊಮ್ಮೆ ಎರಡೂ ಸಣ್ಣ ಹಳದಿ ಗುಳಿಗೆಗಳೇ ಆಗಿರುವುದರಿಂದ ಹೆಸರು ಓದಿಯೇ ಬಿಡಿಸಿಕೊಳ್ಳಿ. ಔಷಧದ ಅಂಗಡಿಯಲ್ಲಿ ಹೊಸ ಪಟ್ಟಿ ಕೊಟ್ಟಾಗ ಎಷ್ಟು ಮಿಲಿಗ್ರಾಂ ಎಂದು ಪ್ರತಿ ಸಲವೂ ನೋಡಿ: 2.5 ಇದ್ದದ್ದು 10 ಆದರೆ ನಾಲ್ಕು ಪಟ್ಟು. ಒಂದು ವಾರ ಮರೆತರೆ ಮುಂದಿನ ವಾರ ಎರಡರಷ್ಟು ನುಂಗಬೇಡಿ. ಬಾಯಿಹುಣ್ಣು, ಜ್ವರ, ಹೊಸದಾಗಿ ಒಣಕೆಮ್ಮು ಅಥವಾ ಉಬ್ಬಸ ಕಂಡರೆ ಗುಳಿಗೆ ನಿಲ್ಲಿಸಿ ಅಂದೇ ವೈದ್ಯರಿಗೆ ತಿಳಿಸಿ. ಮಗು ಬೇಕೆನ್ನುವವರು ಮೊದಲೇ ಹೇಳಲೇಬೇಕು; ಗರ್ಭಿಣಿಯರಿಗೆ ಇದು ಸಲ್ಲದು. ಮದ್ಯ ಬಿಡಿ.

ರಕ್ತಕಣ, ಯಕೃತ್ತು, ಮೂತ್ರಪಿಂಡಗಳ ತಪಾಸಣೆ ವೈದ್ಯರು ಹೇಳಿದ ದಿನಕ್ಕೆ ತಪ್ಪಬಾರದು.

ಗುಣ ಕಾಣಲು 6ರಿಂದ 12 ವಾರ ಹಿಡಿಯುತ್ತದೆ. ಈ ನಡುವೆಯೇ ಜನ ಹೆಸರಿಲ್ಲದ ಪುಡಿಯ ಪೊಟ್ಟಣಗಳಿಗೆ ಮಾರುಹೋಗುತ್ತಾರೆ. ಎರಡೇ ದಿನದಲ್ಲಿ ನೋವು ಮಾಯವಾದರೆ ಅದರಲ್ಲಿ ಸ್ಟೆರಾಯ್ಡ್ ಬೆರೆಸಿರುವ ಸಂಶಯವಿದೆ. ಪೊಟ್ಟಣವನ್ನು ಎಸೆಯದೆ ವೈದ್ಯರಿಗೆ ತೋರಿಸಿ. ಬಹುದಿನ ತೆಗೆದುಕೊಂಡಿದ್ದರೆ ಥಟ್ಟನೆ ನಿಲ್ಲಿಸುವುದೂ ಅಪಾಯ, ಅವರು ಹೇಳಿದಂತೆಯೇ ಬಿಡಬೇಕು.