ಹಳೆಯ ವಾದ್ಯಸಂಗೀತದ ಎಲ್‌ಪಿಗಳನ್ನು ಕೊಳ್ಳುವ ಮುನ್ನ

ಚಿತ್ರಗೀತೆಯ ರೆಕಾರ್ಡಿನಲ್ಲಿ ಅಲ್ಲಲ್ಲಿ ಚಟಪಟ ಸದ್ದಿದ್ದರೂ ಹಾಡುವವರ ದನಿ ಅದನ್ನು ಮರೆಸಿಬಿಡುತ್ತದೆ. ಆದರೆ ವೀಣೆಯ ಮೀಟೊಂದು ಕರಗುತ್ತ ಹೋಗುವಾಗ, ಅಥವಾ ಜಾಝ್ ಪಿಯಾನೋದ ಸ್ವರ ನಿಧಾನವಾಗಿ ಆರುವಾಗ, ಅದೇ ಸದ್ದು ಎದ್ದು ಕೇಳುತ್ತದೆ. ಆದ್ದರಿಂದ ವಾದ್ಯಸಂಗೀತವನ್ನು ಅರಸುವವರು ಹೊದಿಕೆಯ ಅಂದಕ್ಕಿಂತ ಎಲ್‌ಪಿಯ, ಅಂದರೆ ವಿನೈಲ್ ರೆಕಾರ್ಡಿನ ತಟ್ಟೆಯ, ಗೆರೆಗಳ ಸ್ಥಿತಿಗೆ ಹೆಚ್ಚು ಬೆಲೆ ಕೊಡಬೇಕು.

ಬೆಂಗಳೂರಿನಲ್ಲಿ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಭಾನುವಾರದ ಸಂತೆ, ಮುಂಬೈಯಲ್ಲಿ ಚೋರ್ ಬಜಾರ್, ಕೋಲ್ಕತ್ತದಲ್ಲಿ ಫ್ರೀ ಸ್ಕೂಲ್ ಸ್ಟ್ರೀಟ್ ಈ ಹುಡುಕಾಟಕ್ಕೆ ಹೆಸರಾದ ಜಾಗಗಳು. ಬಿಸಿಲಿಗೆ ಹರಡಿಟ್ಟ ತಟ್ಟೆಗಳು ಬಾಗಿರುವ ಸಂಭವವಿರುವುದರಿಂದ, ಪ್ರತಿಯೊಂದನ್ನೂ ಕಣ್ಣಿನ ಮಟ್ಟಕ್ಕೆ ಹಿಡಿದು ಅಂಚನ್ನು ನೋಡಬೇಕು. ಬಳಿಕ ಓರೆ ಬೆಳಕಿಗೆ ಹಿಡಿದರೆ ಗೀರುಗಳು ಕಾಣುತ್ತವೆ. ಬೆರಳಿಗೆ ತಾಕದ ಗೀರು ಸಾಮಾನ್ಯವಾಗಿ ಅಷ್ಟು ತೊಂದರೆ ಕೊಡದು, ತಾಕುವ ಗೀರು ಖಂಡಿತ ಕೇಳಿಸುತ್ತದೆ. ನಡುವಿನ ರಂಧ್ರದ ಸುತ್ತ ಲೇಬಲ್ಲಿನ ಮೇಲೆ ಕೂದಲೆಳೆಯಂಥ ಗುರುತುಗಳು ತುಂಬಿದ್ದರೆ ಆ ರೆಕಾರ್ಡು ಬಹಳ ಸಲ ತಿರುಗಿದೆ ಎಂದರ್ಥ.

ಕಣ್ಣಿಗೆ ಕಾಣದ ಸವೆತವೇ ಹೆಚ್ಚು ಅಪಾಯಕಾರಿ. ಹಳೆಯ ಪ್ಲೇಯರುಗಳ ಭಾರವಾದ ಸೆರಾಮಿಕ್ ಕಾರ್ಟ್ರಿಜ್ (ಮುಳ್ಳನ್ನು ಹಿಡಿದಿರುವ ಭಾಗ), ಅದರಲ್ಲೂ ಸವೆದ ಮುಳ್ಳು, ಗೆರೆಗಳ ಗೋಡೆಯನ್ನೇ ತಿಂದುಹಾಕುತ್ತದೆ. ಎಲ್‌ಪಿಯ ಹೊರ ಅಂಚಿನಲ್ಲಿ ಗೆರೆಯು ಸೆಕೆಂಡಿಗೆ ಸುಮಾರು 50 ಸೆಂ.ಮೀ. ವೇಗದಲ್ಲಿ ಮುಳ್ಳಿನಡಿ ಸಾಗಿದರೆ, ಲೇಬಲ್ಲಿನ ಬಳಿ ಆ ವೇಗ ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ. ಹೀಗಾಗಿ ಒರಟು ದನಿ ಮೊದಲು ಕಾಣಿಸಿಕೊಳ್ಳುವುದು ಒಳಗಿನ ಗೆರೆಗಳಲ್ಲೇ. ವಿಪರ್ಯಾಸವೆಂದರೆ ಸಿತಾರ್ ಅಥವಾ ಸರೋದ್‌ನ ಝಾಲಾ, ಅಂದರೆ ಕೊನೆಯ ವೇಗದ ನುಡಿಸಾಣಿಕೆ, ಬರುವುದೂ ಅಲ್ಲಿಯೇ. ಅಂಗಡಿಯಲ್ಲಿ ನುಡಿಸಿ ಕೇಳುವ ಅವಕಾಶ ಸಿಕ್ಕರೆ ಆಲಾಪದ ಮೊದಲ ನಿಮಿಷವನ್ನೂ ಅದೇ ಬದಿಯ ಕೊನೆಯ ನಿಮಿಷವನ್ನೂ ಕೇಳಿದರೆ ಸಾಕು, ನಡುವಿನದನ್ನು ಊಹಿಸಬಹುದು.

ಅಪರೂಪದ ತಟ್ಟೆಗಳ ವಿಷಯದಲ್ಲಿ ಮುದ್ರಣವನ್ನು, ಅಂದರೆ ತಟ್ಟೆ ಯಾವ ಸಲದ ಅಚ್ಚು ಎಂಬುದನ್ನು, ಗುರುತಿಸುವುದೂ ಮುಖ್ಯ. ರಯೀಸ್ ಖಾನರ ಸಿತಾರ್ ಇರುವ, ಹಿಂದಿ ಚಿತ್ರಸಂಗೀತದ ಜೋಡಿ ಶಂಕರ್–ಜೈಕಿಶನ್ ಅವರ 1968ರ ‘ರಾಗ ಜಾಝ್ ಸ್ಟೈಲ್’ ಮೊದಲ ಮುದ್ರಣಕ್ಕೆ ಸಂಗ್ರಾಹಕರು ದುಬಾರಿ ಬೆಲೆ ತೆರುತ್ತಾರೆ. ಕೇಳುವುದಷ್ಟೇ ಉದ್ದೇಶವಾದರೆ ಮರುಮುದ್ರಣವೇ ಜಾಣತನ. ಲೇಬಲ್ಲಿಗೂ ಕೊನೆಯ ಗೆರೆಗೂ ನಡುವಿನ ಖಾಲಿ ಪಟ್ಟಿಯಲ್ಲಿ ಕೊರೆದ ಸಂಖ್ಯೆ ಹೊದಿಕೆಯ ಮಾತಿಗಿಂತ ನಂಬಲರ್ಹ, ಏಕೆಂದರೆ ಹೊದಿಕೆಗಳು ಅದಲುಬದಲಾಗುವುದು ಸಂತೆಯಲ್ಲಿ ಮಾಮೂಲು. ಅಮೆರಿಕದ ಜಾಝ್ ರೆಕಾರ್ಡ್ ಕಂಪನಿ ಬ್ಲೂ ನೋಟ್‌ನ ಹಳೆಯ ತಟ್ಟೆಗಳಲ್ಲಿ ಧ್ವನಿಮುದ್ರಕ ರೂಡಿ ವ್ಯಾನ್ ಗೆಲ್ಡರ್ ಅವರ ಗುರುತನ್ನೂ, ಅವುಗಳನ್ನು ಅಚ್ಚೊತ್ತುತ್ತಿದ್ದ ಪ್ಲಾಸ್ಟಿಲೈಟ್ ಕಾರ್ಖಾನೆಯ ಕಿವಿಯಾಕಾರದ ಚಿಹ್ನೆಯನ್ನೂ ಹುಡುಕುವುದು ಈ ಪಟ್ಟಿಯಲ್ಲಿಯೇ.

ಮನೆಗೆ ತಂದ ವಿನೈಲನ್ನು ಡಿಸ್ಟಿಲ್ಡ್ ನೀರಿಗೆ ಒಂದೆರಡು ಹನಿ ಪಾತ್ರೆ ತೊಳೆಯುವ ದ್ರವ ಬೆರೆಸಿ, ಲೇಬಲ್ ನೆನೆಯದಂತೆ, ಗೆರೆಗಳ ದಿಕ್ಕಿನಲ್ಲೇ ಮೆದು ಬಟ್ಟೆಯಿಂದ ಒರೆಸಿ, ಬರಿಯ ಡಿಸ್ಟಿಲ್ಡ್ ನೀರಿನಿಂದ ಇನ್ನೊಮ್ಮೆ ತೊಳೆದು ಒಣಗಿಸಬೇಕು. ಅದೇ ರಾಶಿಯಲ್ಲಿ 78 ಆರ್‌ಪಿಎಂನ (ನಿಮಿಷಕ್ಕೆ 78 ಸುತ್ತು ತಿರುಗುವ) ಅರಗಿನ ತಟ್ಟೆ ಸಿಕ್ಕಿದ್ದರೆ ಅದಕ್ಕೆ ಸ್ಪಿರಿಟ್ ಸೋಕಿಸಲೇಬಾರದು. ಅರಗು ಅದರಲ್ಲಿ ಕರಗುತ್ತದೆ.