ಕೆಲಸ ಬಿಟ್ಟು ದೇಶ ಸುತ್ತಬೇಕೇ? ಮೊದಲು ಬಾದಾಮಿಗೆ ಹೋಗಿ ಬನ್ನಿ

ಪುಣೆಯಲ್ಲೋ ಬೆಂಗಳೂರಿನಲ್ಲೋ ನಾಲ್ಕು ವರ್ಷ ದುಡಿದು, ‘ಆರು ತಿಂಗಳು ಸುಮ್ನೆ ತಿರುಗಾಡೋಣ’ ಎನ್ನುವವರು ಈಗ ವಿಜಯಪುರದ ಓಣಿಗಳಲ್ಲೂ ಸಿಗುತ್ತಾರೆ. ನಾನೂ ಅದೇ ಗುಂಪಿನವನು. ರಾಜೀನಾಮೆ ಕೊಡುವ ಮೊದಲು ಸಂಬಳವಿಲ್ಲದ ರಜೆ ಕೇಳಿ ನೋಡಿ. ಸಿಗದಿದ್ದರೆ ಮುಂದಿನ ತಯಾರಿ.

ಮೊದಲು ದುಡ್ಡು. ತಿರುಗಾಟದ ಹಣ ಒಂದು ಖಾತೆಯಲ್ಲಿರಲಿ. ವಾಪಸ್ ಬಂದು ಕೆಲಸ ಹುಡುಕುವಾಗ ಬೇಕಾಗುವ ನಾಲ್ಕು ತಿಂಗಳ ಖರ್ಚು ಬೇರೆ ಖಾತೆಯಲ್ಲಿರಲಿ. ಬೈಕಿನ ಕಂತು, ಕ್ರೆಡಿಟ್ ಕಾರ್ಡ್ ಬಾಕಿ ತೀರಿಸಿ. ಪಿಎಫ್ ಮುಟ್ಟಬೇಡಿ. 5 ವರ್ಷದ ಸೇವೆ ತುಂಬುವ ಮೊದಲು ತೆಗೆದರೆ ಸಾಮಾನ್ಯವಾಗಿ ತೆರಿಗೆ ಬೀಳುತ್ತದೆ. ಮುಂದಿನ ಕಂಪನಿಗೆ ವರ್ಗಾಯಿಸಿಕೊಂಡರೆ ಹಳೆಯ ಸೇವೆಯೂ ಲೆಕ್ಕಕ್ಕೆ ಬರುತ್ತದೆ.

ನಾನು ಎಡವಿದ್ದು ಆರೋಗ್ಯ ವಿಮೆಯಲ್ಲಿ. ಕಂಪನಿಯ ವಿಮೆ ಸಾಮಾನ್ಯವಾಗಿ ಕೆಲಸದ ಜೊತೆಗೇ ಮುಗಿಯುತ್ತದೆ. ಹೊಸ ಪಾಲಿಸಿಯಲ್ಲಿ ಮೊದಲ 30 ದಿನ ಅಪಘಾತ ಬಿಟ್ಟು ಬೇರೆ ಕಾಯಿಲೆಗೆ ಹಣ ಸಿಗುವುದಿಲ್ಲ. ನಾನು ಕೆಲಸ ಬಿಟ್ಟ ವಾರ ಮಾಡಿಸಿದೆ. ಹದಿನೆಂಟನೇ ದಿನ ಡೆಂಗಿ. ಆಸ್ಪತ್ರೆಯ ಬಿಲ್ಲು ತಿರುಗಾಟದ ಖಾತೆಯಿಂದಲೇ ಹೋಯಿತು. ನೀವು ಎರಡು ತಿಂಗಳು ಮೊದಲೇ ಮಾಡಿಸಿ.

ಇನ್ನು ಮನೆ. ‘ಇದ್ದ ನೌಕ್ರಿ ಬಿಟ್ಟು ಊರೂರು ತಿರಗತೀ ಏನೋ?’ ಎಂದು ಅಪ್ಪ ಕೇಳಿಯೇ ಕೇಳುತ್ತಾರೆ. ಪ್ರವಾಸದಿಂದ ಅನುಭವ ಬರುತ್ತದೆ ಎಂದೆಲ್ಲ ಭಾಷಣ ಬೇಡ, ತಾರೀಖು ಹೇಳಿ. ‘ಎಳ್ಳ ಅಮಾಸಿಗೆ ಚರಗ ಚೆಲ್ಲಾಕ ಹೊಲದಾಗ ಇರ್ತೀನಿ’ ಅಂದ ಮೇಲೆ ನಮ್ಮ ಅಪ್ಪ ಮತ್ತೆ ಕೇಳಿದ್ದು ಯಾವ ರೈಲು ಎಂದಷ್ಟೇ.

ಈಗ ತಾಲೀಮು. ವಿಜಯಪುರದಿಂದ ರೈಲಿನಲ್ಲಿ ಬಾದಾಮಿಗೆ ಹೋಗಿ, ಅಲ್ಲಿಂದ ಬಸ್ಸಿನಲ್ಲಿ ಪಟ್ಟದಕಲ್ಲು, ಐಹೊಳೆ. ಐದು ದಿನ, ಒಬ್ಬರೇ, ಒಂದೇ ಬ್ಯಾಗು. ಅದನ್ನು ಹೊತ್ತು ಗುಹೆಗಳ ಮೆಟ್ಟಿಲು ಹತ್ತಿದರೆ ಎಷ್ಟು ಬಟ್ಟೆ ಜಾಸ್ತಿ ಎಂದು ಬೆನ್ನೇ ಹೇಳುತ್ತದೆ. ದಿನದ ಖರ್ಚು ಬರೆದಿಡಿ, ನಿಮ್ಮ ಬಜೆಟ್ಟು ಅದರಿಂದಲೇ ಶುರು.

ರೈಲು ಟಿಕೆಟ್ 60 ದಿನ ಮೊದಲು ಸಿಗುತ್ತದೆ. ಅರುಣಾಚಲ, ನಾಗಾಲ್ಯಾಂಡ್, ಮಿಜೋರಾಂ ಕಡೆ ಹೋಗುವುದಾದರೆ ಇನ್ನರ್ ಲೈನ್ ಪರ್ಮಿಟ್ (ಹೊರ ರಾಜ್ಯದವರು ಅಲ್ಲಿಗೆ ಹೋಗಲು ಪಡೆಯಬೇಕಾದ ಅನುಮತಿ ಪತ್ರ) ಬೇಕು. ಅನುಭವ ಪತ್ರ, ರಿಲೀವಿಂಗ್ ಲೆಟರ್ ಕೈಗೆ ಬಾರದೆ ಹೊರಡಬೇಡಿ.

ಅವ್ವ ಕೊಡುವ ಕಟಕ ರೊಟ್ಟಿ ಬೇಡ ಅನ್ನಬೇಡಿ. ಬಟ್ಟೆಯ ನಡುವೆ ತುರುಕಿದರೆ ಎರಡೇ ದಿನಕ್ಕೆ ಚೂರು ಚೂರು. ಅಗಲವಾದ ಸ್ಟೀಲ್ ಡಬ್ಬಿಯಲ್ಲಿಡಿ. ಚೂರಾದರೂ ಚಿಂತೆಯಿಲ್ಲ. ಮೊಸರು, ಶೇಂಗಾ ಚಟ್ನಿ ಹಾಕಿ ಕಲಸಿದರೆ ರಾತ್ರಿಯ ಊಟ ಆಯ್ತು.